ಹಾರ್ಡ್ ಡಿಸ್ಕಿಗೆ ಕಟ್ಟಿದ ಕಂಕಣ

ಆ ಬೆಳಿಗ್ಗೆ ಅಂಗಡಿಯ ಕಂಪ್ಯೂಟರ್ ಶುರುವಾಗಲಿಲ್ಲ. ಕಪ್ಪು ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಗೆರೆ, ಅಷ್ಟೇ. ಹಿಂದಿನ ಸಂಜೆ ಕರೆಂಟು ಹೋದಾಗ ಯುಪಿಎಸ್ ಒಂದಿಷ್ಟು ಹೊತ್ತು ಕುಂಯ್ಗುಟ್ಟಿ ಸುಮ್ಮನಾಗಿತ್ತು. ಪಂಪಮ್ಮನ ಮಗಳ ಲಗ್ನಪತ್ರಿಕೆ ಕಂಪ್ಯೂಟರಿನ ಹೊಟ್ಟೆಯಲ್ಲೇ ಇತ್ತು. ಸಂಜೆಯೊಳಗೆ ಕೊಡದಿದ್ದರೆ ಅವಳು ಹಡಗಲಿಯ ಇನ್ನೊಂದು ಅಂಗಡಿಗೆ ಹೋಗುತ್ತಾಳೆ, ಹೋದ ಗಿರಾಕಿ ತಿರುಗಿ ಬರುವುದಿಲ್ಲ. ಈ ಅಂಗಡಿಯೂ ಇಲ್ಲದಿದ್ದರೆ ಬೆಳಿಗ್ಗೆ ಎದ್ದು ಹೋಗಲು ನನಗೆ ಬೇರೆ ಜಾಗವಿಲ್ಲ.

ಅಂಗಡಿ ನನ್ನ ಗಂಡ ಮೈಲಾರೇಶ್ ಅವರದು. ಹೋದ ವರ್ಷ ಆಯುಧ ಪೂಜೆ ಮಾಡಿದವರು ದೀಪಾವಳಿಗೆ ಇರಲಿಲ್ಲ. ಟೈಪ್ ಮಾಡುವುದು, ಪ್ರಿಂಟ್ ತೆಗೆಯುವುದು ನನಗೆ ಕಲಿಸಿದ್ದರು. ಆನ್ ಮಾಡುವುದು, ಆಫ್ ಮಾಡುವುದು ಅವರೇ ಮಾಡುತ್ತಿದ್ದರು. ಅದನ್ನು ಕಲಿಸುವಷ್ಟು ದೊಡ್ಡ ವಿಷಯವೆಂದು ಅವರಿಗೂ ಅನಿಸಲಿಲ್ಲ, ನನಗೂ ಅನಿಸಲಿಲ್ಲ.

ಹರಪನಹಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅವರ ಗೆಳೆಯ ಹುಲುಗೇಶ್‌ಗೆ ಫೋನ್ ಹಚ್ಚಿದೆ.

"ಅಕ್ಕಾರ, ದಿನಾ ಹೆಂಗ ಆಫ್ ಮಾಡ್ತಿದ್ರಿ?"

"ಪರದಿ ಕೆಳಗಿನ ಗುಂಡಿ ಒತ್ತತಿದ್ದೆ."

ಅವನು ನಗು ನುಂಗುತ್ತಿದ್ದಾನೆಂದು ಗೊತ್ತಾಯಿತು. "ಅದು ಪರದಿ ಅಷ್ಟ ಆಫ್ ಆಗ್ತೈತ್ರಿ. ಅಂದ್ರ ವರ್ಷದಿಂದ ಕಂಪ್ಯೂಟರ್ ಮಲಗೇ ಇಲ್ಲ."

ನಾನೂ ಮಲಗಿಲ್ಲ ಎನ್ನಬೇಕೆನಿಸಿತು, ಅನ್ನಲಿಲ್ಲ.

"ಹೊರಗಿನ ಹಾರ್ಡ್ ಡಿಸ್ಕ್ ಅದಕ್ಕ ಚುಚ್ಚೇ ಐತೇನ್ರಿ?"

"ಐತಿ."

"ಅದ ನೋಡ್ರಿ ತ್ರಾಸು. ಹಳೇ ಮಷಿನ್ ಅದು. ಚಾಲೂ ಆಗುವಾಗ ತನಗ ಬೇಕಾದ್ದನ್ನ ಮೊದ್ಲು ಆ ಡಿಸ್ಕಿನ್ಯಾಗ ಹುಡುಕ್ತೈತಿ, ಸಿಗದಿದ್ರ ಅಲ್ಲೇ ನಿಂತುಬಿಡ್ತೈತಿ. ಮೈಲಾರೇಶ ಚಾಲೂ ಆದ ಮ್ಯಾಲೆ ಚುಚ್ಚತಿದ್ದ. ಡಿಸ್ಕ್ ಕಿತ್ತು ಆನ್ ಮಾಡ್ರಿ. ಸೆಟಿಂಗ್ ನಾ ಬಂದಾಗ ಬದಲಿ ಮಾಡ್ತೀನಿ."

ಕೀಳಬೇಕಂತೆ. ಆಯುಧ ಪೂಜೆಯ ದಿನ ಪರದೆಯ ಮೇಲೆ ಮೈಲಾರಲಿಂಗನ ಫೋಟೋ ಹಾಕಿ, ಎಲ್ಲದಕ್ಕೂ ಅವನ ಭಂಡಾರದ ಅರಿಶಿನ ಹಚ್ಚಿ, ಕಂಪ್ಯೂಟರ್, ಡಿಸ್ಕು, ಅದರ ವೈರು ಎಲ್ಲವನ್ನೂ ಸೇರಿಸಿ ಅರಿಶಿನ ದಾರದ ಕಂಕಣ ಕಟ್ಟಿದ್ದರು. ಅದೇ ಕಡೆಯ ಗಂಟು, ಆಮೇಲೆ ಅವರು ಅಂಗಡಿಗೆ ಬರಲಾಗಲಿಲ್ಲ. ಅವರ ಅಂಗಿಗಳನ್ನು ಭಾವನ ಮಕ್ಕಳಿಗೆ ಕೊಟ್ಟಾಗಿದೆ, ಬೈಕು ಮಾರಿಯಾಗಿದೆ. ಅವರ ಕೈಯಿಂದ ಆದದ್ದು, ಇನ್ನೂ ಆದ ಹಾಗೆಯೇ ಇರುವುದು, ಆ ಗಂಟು ಮಾತ್ರ. ಧೂಳು ಒರೆಸುವಾಗಲೂ ಅದನ್ನು ತಪ್ಪಿಸಿ ಒರೆಸುತ್ತಿದ್ದೆ.

"ಕಿತ್ತೆ. ಆಗವಲ್ದು," ಎಂದೆ.

ಪಾಪ, ನಂಬಿದ. ಪ್ಲಗ್ ಬದಲಿಸಲು ಹೇಳಿದ, ಬದಲಿಸಿದೆ. ಪರದೆಯ ವೈರು ಬಿಗಿ ಮಾಡಲು ಹೇಳಿದ, ಮಾಡಿದೆ. ಗುಂಡಿ ಒತ್ತಿ ಹಿಡಿದೆ, ಬಿಟ್ಟೆ, ಮತ್ತೆ ಒತ್ತಿದೆ. ಅದೇ ಗೆರೆ ಮಿಣುಕಿತು. ಮಧ್ಯಾಹ್ನದವರೆಗೂ ಅವನು ತನ್ನ ಕೆಲಸ ಬಿಟ್ಟು ಮತ್ತೆ ಮತ್ತೆ ಫೋನ್ ಮಾಡಿದ. ನಿಜ ಹೇಳಬೇಕೆಂದರೆ, ಅಷ್ಟು ಹೊತ್ತು ಒಬ್ಬರು ನನ್ನ ಜೊತೆ ಮಾತಾಡಿ ಬಹಳ ದಿನವಾಗಿತ್ತು. ಕಂಪ್ಯೂಟರ್ ಕೆಟ್ಟರೆ ಕೆಡಲಿ ಎಂದೂ ಒಮ್ಮೆ ಅನಿಸಿತು.

"ಅಕ್ಕಾರ, ಆ ಡಿಸ್ಕಿನ ಲೈಟ್ ಈಗ ಯಾವ ಬಣ್ಣ ಐತಿ?"

"ನೀಲಿ," ಎಂದುಬಿಟ್ಟೆ.

"ಕಿತ್ತಿದ್ರ ಲೈಟ್ ಹೆಂಗ ಉರಿತೈತ್ರಿ?"

ಸಿಕ್ಕಿಬಿದ್ದೆ. ಇನ್ನು ಮುಚ್ಚಿಟ್ಟು ಏನು ಮಾಡುವುದು? "ಅವ್ರು ಕಟ್ಟಿದ ಕಂಕಣ ಐತಿ ಹುಲುಗೇಶಣ್ಣ ಅದಕ್ಕ. ನನ್ ಕೈಲೆ ಆಗವಲ್ದು."

ಕತ್ತರಿ ತಗೊಳ್ಳಿ ಎನ್ನುತ್ತಾನೆಂದು ಬೈಯಲು ಸಿದ್ಧಳಾಗಿದ್ದೆ. ಅವನು ಹಾಗೆ ಅನ್ನಲಿಲ್ಲ. "ಕಂಕಣ ಕಟ್ಟಿದ ಮ್ಯಾಲೆ ಬಿಚ್ಚಬೇಕಲ್ರಿ ಅಕ್ಕಾರ. ಅವ ಬಿಚ್ಚಾಕ ಉಳಿಲಿಲ್ಲ. ನೀವ ಬಿಚ್ಚಬೇಕು."

ನಮ್ಮ ಮದುವೆಯಲ್ಲಿ ಕಂಕಣ ಬಿಚ್ಚುವ ಶಾಸ್ತ್ರ ನೆನಪಾಯಿತು. ಗಂಡನ ಕೈಯ ಗಂಟನ್ನು ಹೆಂಡತಿ ಒಂದೇ ಕೈಯಿಂದ ಬಿಚ್ಚಬೇಕು. ನನ್ನಿಂದ ಆಗಲಿಲ್ಲ. ಸುತ್ತ ನಿಂತ ಹೆಂಗಸರೆಲ್ಲ ನಕ್ಕರು, ನಾನು ಸಿಟ್ಟಿನಿಂದ ಎರಡೂ ಕೈ ಹಾಕಿ ಕಿತ್ತೆ. "ಸಣ್ಣ ತುದಿ ಎಳಿಬೇಕಿತ್ತು, ಹುಚ್ಚಿ," ಎಂದು ಅವರು ಕಿವಿಯಲ್ಲಿ ಅಂದರು. ಸೋತಿದ್ದಕ್ಕೆ ಆಮೇಲೆ ವರ್ಷಗಟ್ಟಲೆ ಕಾಡಿಸಿದರು.

ಎಡಗೈಯಲ್ಲಿ ಫೋನ್ ಇತ್ತು. ಬಲಗೈಯ ಬೆರಳಿನಿಂದ ಸಣ್ಣ ತುದಿ ಹುಡುಕಿ ಎಳೆದೆ. ಬಣ್ಣ ಮಾಸಿದ ಗಂಟು ಸಲೀಸಾಗಿ ಬಿಚ್ಚಿಕೊಂಡಿತು. ವೈರು ಕಿತ್ತು, ಕಂಪ್ಯೂಟರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಸ್ವಲ್ಪ ಹೊತ್ತು ಗುರುಗುಟ್ಟಿ ಪರದೆ ಬೆಳಗಿತು. ಅವರು ಹಾಕಿದ ಮೈಲಾರಲಿಂಗನ ಫೋಟೋ ಹಾಗೆಯೇ ಇತ್ತು.

"ಆತೇನ್ರಿ ಅಕ್ಕಾರ?"

"ಆತು. ಒಂದ ಕೈಲೆ ಬಿಚ್ಚಿದೆ ನೋಡ್ರಿ."

"ಏನಂದ್ರಿ?"

ಆ ಮಾತಿನ ಅರ್ಥ ತಿಳಿಯುತ್ತಿದ್ದವರು ಒಬ್ಬರೇ ಇದ್ದರು.

"ಏನಿಲ್ಲ ಬಿಡ್ರಿ," ಎಂದು ಫೋನ್ ಇಟ್ಟು, ಪಂಪಮ್ಮನ ಲಗ್ನಪತ್ರಿಕೆ ತೆರೆದೆ.