ಕಿರಿಸೊಸೆಯ ಕಲ್ಲು

ಸೇತುವೆಯ ಬಾಯಲ್ಲಿದ್ದ ಹಳೆಯ ಕಲ್ಲಿನ ಅಕ್ಷರಗಳಿಗೆ ಹೊಸ ಬಣ್ಣ ಹಚ್ಚುವ ಕೆಲಸ ಬೋರ್ಡು ಬರೆಯುವವಳ ಪಾಲಿಗೆ ಬಂತು. ಕಲ್ಲಿನ ಮೇಲೆ ಅಂಗೈ ಎತ್ತಿ ನಿಂತ ಹೆಂಗಸಿನ ಚಿತ್ರ. ಕಂಬಗಳು ನಿಲ್ಲದೆ ಹೋದಾಗ, ಸೇತುವೆ ಕಟ್ಟಿಸಿದವರ ಕಿರಿಸೊಸೆ ತಾನಾಗಿಯೇ ಹೊಳೆಗೆ ಹಾರಿದಳು, ಈಗಲೂ ಹೋಗಿಬರುವವರನ್ನು ಹರಸುತ್ತಾಳೆ ಎಂಬುದು ಊರಿನ ಕತೆ.

ಪಾಚಿ ಉಜ್ಜಿದ ಮೇಲೆ ಉಳಿದದ್ದು ಎರಡೇ ಮಾತು: ಮೊದಲಿಗೆ ‘ಕಿರಿಸೊಸೆ’, ಕೊನೆಗೆ ‘ಕೊಟ್ಟರು’. ನಡುವಿನದೆಲ್ಲ ಸವೆದು ನುಣ್ಣಗಾಗಿತ್ತು.

“‘ಪ್ರಾಣ’ ಅಂತ ತುಂಬಿಸಮ್ಮ,” ಎಂದರು ಉಸ್ತುವಾರಿಗೆ ಬಂದಿದ್ದ ಮೇಷ್ಟ್ರು. “ಕಿರಿಸೊಸೆ ಪ್ರಾಣ ಕೊಟ್ಟರು.”

“ಕೊಟ್ಟಳು ಅಂತ ಇಲ್ವಲ್ಲ ಸಾರ್?”

“ಗೌರವಕ್ಕೆ ಬಹುವಚನ.”

“ಬದುಕಿದ್ದಾಗ ‘ಏ ಇವಳೇ’ ಅಂತ ಕರೆದವರು ಸತ್ತ ಮೇಲೆ ಬಹುವಚನ ಹಾಕಿದ್ರಾ? ‘ಕಿರಿಸೊಸೆಯನ್ನು ಕೊಟ್ಟರು’ ಅಂತ ಇದ್ದಿದ್ರೆ? ಆಗ ಆ ಕೈ ಹರಸ್ತಿರೋದಲ್ಲ ಸಾರ್, ಬೇಡ ಬೇಡ ಅಂತಿರೋದು.”

ಮೇಷ್ಟ್ರು ದನಿ ತಗ್ಗಿಸಿದರು. “ನನಗೂ ಹಾಗೆ ಅನ್ನಿಸಿದ್ದುಂಟು. ಆದ್ರೆ ತಲತಲಾಂತರದಿಂದ ಕೈಮುಗಿದ ಜನಕ್ಕೆ, ನಿಮ್ಮ ಹಿರೀಕರೇ ತಳ್ಳಿದ್ರು ಅಂತ ಯಾವ ಬಾಯಲ್ಲಿ ಹೇಳ್ಲಿ? ನಾಳೆ ಮುಗಿಸಿಬಿಡು.”

ಅವಳಿಗೆ ಕುಂಚ ಎತ್ತಲಾಗಲಿಲ್ಲ. ಅವಳ ಸ್ವಂತ ಅಕ್ಕ ಗಂಡನ ಮನೆಯ ಬಾವಿಯಲ್ಲಿ ಹೆಣವಾಗಿದ್ದಳು. ‘ಕಾಲು ಜಾರಿ ಬಿದ್ದಳು’ ಎಂದು ಆ ಮನೆಯವರು ಹೇಳಿಕಳಿಸಿದ್ದರು. ತವರಿನಲ್ಲೂ ಆ ಮಾತೇ ನಿಂತುಬಿಟ್ಟಿತ್ತು.

ಸಂಜೆ ಅಡುಗೆಮನೆಯಲ್ಲಿ ಅಮ್ಮನನ್ನು ಕೇಳಿಯೇಬಿಟ್ಟಳು: “ಅಕ್ಕ ಬಿದ್ದಳಾ, ತಳ್ಳಿದ್ರಾ?”

ಅಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಸದ್ದಾಗದಂತೆ ಕೆಳಗಿಟ್ಟಳು. “ತಳ್ಳಿದ್ರು ಅಂದ್ರೆ, ಆ ಮನೆಗೆ ಕೊಟ್ಟೋರು ನಾವಲ್ವೇನೇ? ಬಿದ್ಲು ಅಂದ್ಕೊಂಡ್ರೇನೇ ನನಗೆ ಒಂದು ತುತ್ತು ಇಳಿಯೋದು. ಅದೊಂದು ಮಾತನ್ನ ನನ್ನಿಂದ ಕಿತ್ಕೋಬೇಡ ಕಣೇ.”

ಮರುದಿನ ಅವಳು ಆ ನುಣ್ಣನೆಯ ಜಾಗದಲ್ಲಿ ‘ಪ್ರಾಣ’ ಎಂದು ಬರೆದಳು. ಅಕ್ಷರಗಳು ಮುತ್ತು ಪೋಣಿಸಿದಂತೆ ಬಂದವು. ಅದನ್ನು ಕಂಡು ತನ್ನ ಕೈಯ ಮೇಲೆಯೇ ಅವಳಿಗೆ ಹೇಸಿಗೆಯಾಯಿತು.

ಮಧ್ಯಾಹ್ನ ಅಮ್ಮ ನೋಡಲು ಬಂದಳು. ಒಂದೊಂದೇ ಅಕ್ಷರ ಕೂಡಿಸಿ ಓದಿ, “ಪುಣ್ಯವಂತೆ, ತಾನಾಗೇ ಹೋದ್ಲು,” ಎಂದು ಕೈಮುಗಿದಳು. “ನೀನೂ ಮುಗಿಯೇ.”

“ಕೈಯೆಲ್ಲ ಬಣ್ಣ ಆಗಿದೆ ಅಮ್ಮ,” ಎಂದು ಮಗಳು ಹೊಳೆಯ ಕಡೆ ತಿರುಗಿದಳು.