ಗಂಟು ಬೀಳದ ಗೊನೆಗಳು

ತೂದಾ ಝಗೋರಾ ಊರಿನ ಖರ್ಜೂರದ ತೋಟಕ್ಕೆ ಮೊದಲ ಸಲ ಬಂದಾಗ ಮರ ಹತ್ತಲು ಬಾರದ ಹುಡುಗಿ. ಅವಳನ್ನು ಹತ್ತಿಸಿ, ಪರಾಗ ತಾಗಲೆಂದು ಹೆಣ್ಣುಮರದ ಹೂಗೊನೆಯೊಳಗೆ ಗಂಡುಹೂವಿನ ಎಳೆ ಇಟ್ಟು, ಗರಿಯ ಸೀಳಿನಿಂದ ಗಂಟು ಹಾಕುವುದನ್ನು ಕಲಿಸಿದವನು ಹಮ್ಮಾದಿ. ಆಮೇಲೆ ಅವಳು ಸಸ್ಯಶಾಸ್ತ್ರ ಓದಿ ಡಾಕ್ಟರೇಟ್ ಪಡೆದಳು, ಖರ್ಜೂರದ ಮರಗಳನ್ನು ಒಣಗಿಸಿ ಕೊಲ್ಲುವ ಬಯೂದ್ ರೋಗಕ್ಕೆ ಜಗ್ಗದ ತಳಿ ಹುಡುಕಿದಳು, ಅದರ ಚೂರಿನಿಂದ ಗಾಜಿನ ಸೀಸೆಯಲ್ಲಿ ಸಸಿ ಎಬ್ಬಿಸಿದಳು, ಕೊನೆಗೆ ಸಂಶೋಧನಾ ಕೇಂದ್ರಕ್ಕೇ ನಿರ್ದೇಶಕಿಯಾದಳು. ಹಮ್ಮಾದಿ ಮಾತ್ರ ಅದೇ ತೋಟದಲ್ಲಿ ಗಂಟು ಹಾಕುತ್ತಲೇ ಇದ್ದ.

ಆ ವರ್ಷ ತೋಟದಲ್ಲಿ ನೆಟ್ಟಿದ್ದ ಸೀಸೆಯ ಗಿಡಗಳು ಮೊದಲ ಫಸಲು ಬಿಟ್ಟವು. ರಾಜಧಾನಿ ರಬಾತಿನಿಂದ ತಪಾಸಣೆಗೆ ಬಂದ ಅಧಿಕಾರಿ ಲಮ್ರಾನಿ ಒಂದು ಗೊನೆ ಹಿಡಿದು ನಿಂತುಬಿಟ್ಟ. ಒಂದು ಹೂವಿನ ಮೂರು ಎಳೆಗಾಯಿಗಳಲ್ಲಿ ಒಂದು ಉಳಿದು ಎರಡು ಉದುರಬೇಕು. ಇಲ್ಲಿ ಮೂರೂ ನಿಂತಿದ್ದವು. ಅಂಥವು ಬೀಜವಿಲ್ಲದ ಜೊಳ್ಳು.

“ಸೀಸೆಯಲ್ಲೇ ಕೆಟ್ಟಿದೆ, ತೂದಾ ಮೇಡಂ. ಇದೇ ಸಸೀನ ಈ ಕಣಿವೆಯ ರೈತರಿಗೆಲ್ಲ ಹಂಚೋದಾ? ಈ ಕಾಗದಕ್ಕೆ ಸಹಿ ಹಾಕಿ, ಇವತ್ತೇ ಕಡಿಸಿಬಿಡೋಣ.”

“ಗಂಡುಹೂ ಕಟ್ಟೋದು ತಪ್ಪಿದ್ರೂ ಹೀಗಾಗುತ್ತೆ.”

“ಕಟ್ಟಿದ್ದು ಯಾರು?”

“ಹಮ್ಮಾದಿ ಮಾಮ.” ತೂದಾಳ ದನಿ ಕುಗ್ಗಿತು. “ಅವನು ನಲವತ್ತು ವರ್ಷದಲ್ಲಿ ಒಂದು ಗೊನೆಯನ್ನೂ ಬಿಟ್ಟವನಲ್ಲ.” ತಪ್ಪು ಸೀಸೆಯದೇ ಎಂದುಕೊಂಡು, ತನ್ನ ಇಪ್ಪತ್ತು ವರ್ಷದ ಕೆಲಸದ ಮೇಲೆ ಗೆರೆ ಎಳೆಯಲು ಅವಳು ಪೆನ್ನು ತೆಗೆದಳು.

ಪಕ್ಕದಲ್ಲೇ ನಿಂತಿದ್ದ ಹಮ್ಮಾದಿಗೆ ಆ ಹೊಗಳಿಕೆ ತಡೆಯಲಾಗಲಿಲ್ಲ.

“ನಿಲ್ಲು ಮಗಳೇ. ನನಗೆ ಕಣ್ಣು ಕಾಣಲ್ಲ.”

“ಏನಂದೆ?”

“ಎರಡು ವರ್ಷ ಆಯ್ತು. ಎಲ್ಲಾ ಹಾಲು ಹಾಲು. ಬೆರಳಲ್ಲೇ ತಡಕಿ ಕಟ್ಟಿದೀನಿ. ತಡವಾಗಿ ಹೂ ಒಡೆದ ಗೊನೆಗಳು ಕೈತಪ್ಪಿರಬೇಕು.”

ಲಮ್ರಾನಿ ನಕ್ಕ. “ಮಗಳ ಕೆಲಸ ಉಳೀಲಿ ಅಂತ ಮುದುಕ ಕುರುಡನಾದ ನೋಡಿ!”

“ನನ್ನ ನಂಬಬೇಡಪ್ಪ, ಗಂಟು ನೋಡು.” ಎದೆಯೆತ್ತರದ ಗಿಡದ ಮುಳ್ಳುಗಳ ನಡುವೆ ಹಮ್ಮಾದಿ ಕೈ ತೂರಿಸಿದ. “ಈ ಗೊನೇಲಿ ಗಂಟಿಲ್ಲ. ಒಂದು ಹೂವಿಗೆ ಕಾಯಿ ಎಷ್ಟಿವೆ?”

“ಮೂರು,” ಎಂದ ಲಮ್ರಾನಿ.

“ಇದರಲ್ಲಿ ಗಂಟಿದೆ. ಇಲ್ಲಿ?”

ತೂದಾ ಬಗ್ಗಿ ನೋಡಿದಳು. “ಒಂದು,” ಎಂದಳು. ಇನ್ನೊಮ್ಮೆ ನೋಡಿದಳು. “ಒಂದೇ, ಮಾಮ!”

ಅಂಗಿಯ ತೋಳು ಮಡಚಿ ಅವಳೇ ಗಿಡದಿಂದ ಗಿಡಕ್ಕೆ ಹೋದಳು. ಗಂಟಿದ್ದಲ್ಲಿ ಒಂದು, ಇಲ್ಲದಲ್ಲಿ ಮೂರು. ಏಳನೆಯ ಗಿಡದ ಹೊತ್ತಿಗೆ ಲಮ್ರಾನಿಯೇ ಗಟ್ಟಿಯಾಗಿ ಎಣಿಸುತ್ತಿದ್ದ. ಸಾಲು ಮುಗಿದಾಗ ಕಡಿಯುವ ಆದೇಶದ ಕಾಗದವನ್ನು ಚೀಲಕ್ಕೆ ಸೇರಿಸಿದ.

ತೂದಾ ಕಾಲುವೆಯ ದಂಡೆಯ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮುಳ್ಳು ತರಚಿದ ತೋಳಿನಲ್ಲಿ ರಕ್ತ.

“ಎರಡು ವರ್ಷ ಬಾಯಿ ಬಿಡಲಿಲ್ವಲ್ಲ, ಕಳ್ಳ ಮುದುಕ!”

“ಬಿಟ್ಟಿದ್ರೆ ನೀನು ನನ್ನ ಮನೇಲಿ ಕೂರಿಸ್ತಿದ್ದೆ.”

“ನಾಳೆ ಆಸ್ಪತ್ರೆಗೆ ಹೋಗಿ ಪೊರೆ ತೆಗೆಸೋಣ.”

“ತೆಗೆದ್ರೂ ಕಾಣದಿದ್ರೆ? ಬರೋ ವರ್ಷ ಕಟ್ಟೋರ್ಯಾರು?”

“ನಾನು. ನೀನು ಕೆಳಗೆ ಕೂತು ಬೈ.”

“ನಿನ್ನ ಗಂಟು ಕಲಿಯೋವಾಗ್ಲೂ ಸಡಿಲವೇ,” ಎಂದ ಹಮ್ಮಾದಿ. ಆಮೇಲೆ ಅವಳ ಭುಜ ಹಿಡಿದು, ಎರಡು ವರ್ಷದಲ್ಲಿ ಮೊದಲ ಬಾರಿಗೆ ಎಡವುವುದನ್ನು ಮುಚ್ಚಿಡದೆ, ಚಹಾ ಕುಡಿಯಲು ನಡೆದ.