ಬಾಯಿ ಮುಚ್ಚಿದ ಓಣಿ

ನನ್ನ ಸೊಸೆ ಉಮಾಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಆದರೂ ಅವಳೆದುರು ಗುಟ್ಟು ಆಡುವ ಹಾಗಿಲ್ಲ. ನೀವು ನಲ್ಲಿಯ ಹತ್ತಿರ ಪಿಸುಗುಟ್ಟಿದರೆ, ನಮ್ಮ ಬಾಗಿಲಲ್ಲಿ ಕೂತು ತುಟಿ ನೋಡಿಯೇ ತಿಳಿದುಕೊಳ್ಳುತ್ತಾಳೆ. ನಮ್ಮೂರು ಲಕ್ಕಲಕಟ್ಟಿಯಲ್ಲಿ ಅಷ್ಟು ಚುರುಕಿನವಳು ಇನ್ನೊಬ್ಬಳಿದ್ದರೆ ತೋರಿಸಿ, ನೋಡೋಣ.

ಕರೋನಾ ಬಂದ ವರ್ಷ ನನ್ನ ಮಗ ಪರಶು ಕಟ್ಟಡದ ಕೆಲಸಕ್ಕೆಂದು ಗೋವಾದಲ್ಲಿದ್ದ. ಒಂದು ಮುಂಜಾನೆ ನಾನು ನೀರಿಗೆ ಹೋದಾಗ ಪಂಚಾಯಿತಿಯ ಆಟೋ ಬಂತು. "ಎಲ್ಲಾರೂ ಬಾಯಿ ಮುಚ್ಗೋರಿ! ಹೊರಗ ಬರಬ್ಯಾಡ್ರಿ!" ಎಂದು ಆಟೋ ಓಡಿಸುತ್ತಿದ್ದ ಶಿವನಪ್ಪ ಮೈಕಿನಲ್ಲಿ ಕಿರುಚಿದ. ಅಲ್ಲಿದ್ದ ಹೆಂಗಸರೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಂಡೆವು. ಹಾಗೇ ಗುಂಪಾಗಿ ಓಣಿಗೆ ಬಂದೆವು.

ನಮ್ಮ ಕಡೆ ಹೆಂಗಸರು ಹಾಗೆ ಬಾಯಿ ಮುಚ್ಚಿಕೊಂಡು ಗುಂಪಾಗಿ ಬಂದರೆ ಯಾರೋ ಸತ್ತಿದ್ದಾರೆ ಎಂದೇ ಲೆಕ್ಕ. ಆ ಗಡಿಬಿಡಿಯಲ್ಲಿ ಯಾರಿಗೆ ಅದು ನೆನಪಿರುತ್ತದೆ? ಹೊಲಿಗೆ ಯಂತ್ರದ ಮುಂದಿದ್ದ ಉಮಾ ದಡಕ್ಕನೆ ಎದ್ದಳು. ಮೇಲ್ದುಟಿಯ ಮೇಲೆ ಬೆರಳಾಡಿಸಿ ಮೀಸೆ ತೋರಿಸಿದಳು. ನಮ್ಮ ಮನೆಯಲ್ಲಿ ಮೀಸೆ ಎಂದರೆ ಪರಶು. ಗಂಡ ಯಾವಾಗ ಬರುತ್ತಾನೆಂದು ದಿನಾ ಕೇಳುವವಳು, ಇವತ್ತೂ ಅದನ್ನೇ ಕೇಳಿದಳು ಎಂದುಕೊಂಡೆ. ಬಸ್ಸುಗಳೇ ನಿಂತಿವೆ, ಎಲ್ಲಿ ಬರುತ್ತಾನೆ? ಕೈಯಾಡಿಸಿ ಇಲ್ಲ ಎಂದೆ.

ಅಯ್ಯೋ ಶಿವನೇ! ಹೊಸ್ತಿಲಿಗೆ ಕುಸಿದು ಕೂತವಳು ಕೈಯೆತ್ತಿ ಬಳೆಗಳನ್ನು ಕಲ್ಲಿಗೆ ಕುಕ್ಕಿಯೇ ಬಿಟ್ಟಳು. ಗಜೇಂದ್ರಗಡದ ಪೇಟೆಯಲ್ಲಿ ಪರಶು ತಾನೇ ನಿಂತು ಇಡಿಸಿದ್ದ ಹಸಿರು ಬಳೆ. ಒಂದು ಒಡೆಯಿತು. ಕೊಡ ಬಿಸಾಕಿ ಅವಳ ಎರಡೂ ಕೈ ಹಿಡಿದೆ. ಸೆರಗಿನೊಳಗಿಂದಲೇ ಕೂಗಿಕೊಂಡೆ, ನಾನೊಬ್ಬಳು ಹುಚ್ಚಿ. ಆಮೇಲೆ ಸೆರಗು ಜಗ್ಗಿ ಮುಖಕ್ಕೆ ಮುಖ ಕೊಟ್ಟು, "ಅದಾನ! ಜೀವಂತ ಅದಾನ ನನ್ನವ್ವಾ! ಊರಿಗೆ ಜಡ್ಡು ಬಂದೈತಿ, ಅದಕ್ಕ ಬಾಯಿ ಮುಚ್ಚೀವಿ!" ಎಂದೆ.

ನಂಬಲಿಲ್ಲ. ಪಕ್ಕದ ಮನೆಯ ಅನಿತಾಳ ಫೋನಿನಲ್ಲಿ ಪರಶು ಕಾಣಿಸಿ, ಮಾಸ್ಕ್ ಕೆಳಗೆಳೆದು "ಉಮಾ" ಎಂದ ಮೇಲೆಯೇ ಅತ್ತಳು. ಅವಳನ್ನು ತಬ್ಬಿಕೊಂಡು ನಾನೂ ಅತ್ತೆ.

ಮರುದಿನ ಮತ್ತೆ ಆಟೋ ಬಂತು. ಉಮಾ ಸೊಂಟದ ಮೇಲೆ ಕೈಯಿಟ್ಟು ನಡುರಸ್ತೆಯಲ್ಲಿ ನಿಂತಳು. ಶಿವನಪ್ಪ ಹಾರ್ನ್ ಹೊಡೆದ. ಮೂಳ, ಯಾರಿಗೆ ಹೊಡೆಯುತ್ತಾನೆ ಹಾರ್ನು!

"ಕರಿಯವ್ವಾ, ನಿನ್ನ ಸೊಸೀಗೆ ಹಾದಿ ಬಿಡು ಅಂತ ಹೇಳಬೇ!"

"ನೀನ ಹೇಳೋ. ದೂರ ನಿಂತು, ಬಾಯಿ ತೋರಿಸಿ ಹೇಳು. ಅಕಿ ಈ ಊರಾಕಿ ಅಲ್ಲೇನು?"

ಉಮಾ ತಾನೇ ಬೆರಳಿನಿಂದ ಸನ್ನೆ ಮಾಡಿದಳು: ಮಾಸ್ಕ್ ಇಳಿಸು. ಅವನು ದೂರ ಸರಿದು ನಿಂತು ಇಳಿಸಿದ. ಎಲ್ಲವನ್ನೂ ನಿಧಾನವಾಗಿ ಹೇಳಿದ. ತಿಳಿಯದ್ದನ್ನು ಮತ್ತೆ ಹೇಳಿಸಿಕೊಂಡು, ಇನ್ನು ಹೋಗು ಎಂದು ಕೈ ಬೀಸಿದಳು. ಭಲೇ ಹೆಣ್ಣು! ಅಂದಿನಿಂದ ಶಿವನಪ್ಪ ಮೊದಲು ನಮ್ಮ ಬಾಗಿಲಿಗೆ ಬಂದು ಅವಳಿಗೆ ಹೇಳಿಯೇ ಆಮೇಲೆ ಮೈಕು ಹಚ್ಚುತ್ತಿದ್ದ.

ಕೊನೆಗೂ ಪರಶು ಊರಿಗೆ ಬಂದ. ಹೊರಗಿನಿಂದ ಬಂದವರನ್ನೆಲ್ಲ ಮಕ್ಕಳು ಕಲಿಯುವ ಸಾಲಿಯಲ್ಲಿ ಬೇರೆ ಇಟ್ಟಿದ್ದರು. ನಾವು ಗೇಟಿನಾಚೆ ನಿಂತೆವು. ಕಿಟಕಿಗೆ ಬಂದ ಪರಶು ಮಾಸ್ಕ್ ಇಳಿಸಿ ಮುಖ ತೋರಿಸಿದ. ಉಮಾ ಎರಡೂ ಕೈ ಮೇಲೆತ್ತಿ ಉಳಿದ ಬಳೆಗಳನ್ನೆಲ್ಲ ಗಲಗಲ ಆಡಿಸಿದಳು. ಆ ಸದ್ದು ಅವಳಿಗೆ ಕೇಳಿಸುವುದಿಲ್ಲ. ಕಿಟಕಿಯಲ್ಲಿದ್ದ ನನ್ನ ಮಗನಿಗೆ ಕೇಳಿಸಿತು.